ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘ

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದಾಗ ಅದರ ಮೂಲ ಅಂಗಗಳಲ್ಲಿ ಒಂದಾಗಿದ್ದ ಬೆಂಗಳೂರಿನ ಈ ಸೆಂಟ್ರಲ್ ಕಾಲೇಜಿನಲ್ಲಿ, ಉನ್ನತ ವಿದ್ಯೆಯೆಲ್ಲವೂ ಇಂಗ್ಲಿಷಿನಲ್ಲಿಯೇ ಬೋಧಿಸಲ್ಪಡುತ್ತಿದ್ದ ಕಾಲದಲ್ಲಿ, ವಿದ್ವತ್ಸಭೆಯಲ್ಲಿ ಕನ್ನಡಕ್ಕೂ ಆಸನವುಂಟೆಂಬ ದೃಢವಾದ ನಂಬುಗೆಯಿಂದ ಎ.ಆರ್. ಕೃಷ್ಣಶಾಸ್ತ್ರಿಗಳು ಕಟ್ಟಿ ಬೆಳೆಸಿದ ಬಳಗವೇ ಕರ್ಣಾಟಕ ಸಂಘ. 1919ರಲ್ಲಿ ಸಂಘವು ಹೊರತಂದ 'ಪ್ರಬುದ್ಧ ಕರ್ಣಾಟಕ' ಎಂಬ ತ್ರೈಮಾಸಿಕದಲ್ಲಿ ಕವಿತೆ, ಕಥೆ, ಶಾಸ್ತ್ರವಿಚಾರ, ಗ್ರಂಥವಿಮರ್ಶೆಗಳು ಒಂದೇ ರಕ್ಷಾಪುಟದೊಳಗೆ ಕೂಡಿಬಂದವು. ಹಳಗನ್ನಡ ಕಾವ್ಯದ ಪಾಠಾಂತರಗಳನ್ನು ಚರ್ಚಿಸುವ ಪಂಡಿತರಿಗೂ ಆಗತಾನೆ ಲೇಖನಿ ಹಿಡಿದ ತರುಣರಿಗೂ ಅದು ಸಮಾನವಾದ ವೇದಿಕೆಯಾಯಿತು. ಹೊಸಗನ್ನಡ ಗದ್ಯವು ಪ್ರೌಢವಿಚಾರಗಳನ್ನು ಹೊರಬಲ್ಲ ಶಕ್ತಿಯನ್ನು ಗಳಿಸಿದುದರಲ್ಲಿ ಈ ಪತ್ರಿಕೆಯ ಪಾಲು ನಿಶ್ಚಯವಾಗಿಯೂ ಹಿರಿದು. ಮುಂದೆ ಅದರ ಹೊಣೆಯನ್ನು ವಿಶ್ವವಿದ್ಯಾನಿಲಯವೇ ವಹಿಸಿಕೊಂಡಿತು.

ಅನಂತರದ ದಶಕಗಳಲ್ಲಿ ಇಲ್ಲಿ ಅಧ್ಯಾಪಕರಾಗಿದ್ದ ಜಿ.ಪಿ. ರಾಜರತ್ನಂ ಅವರು, ಇನ್ನೂ ಹೆಸರು ಗಳಿಸದ ವಿದ್ಯಾರ್ಥಿಗಳ ಬರಹಗಳನ್ನು ಸಂಘದ ಮೂಲಕ ಅಚ್ಚುಮಾಡಿಸಿ ಓದುಗರ ಕೈಗಿತ್ತರು; ಎಳೆಯ ಲೇಖಕನಿಗೆ ತನ್ನ ಬರಹವನ್ನು ಅಚ್ಚಿನಲ್ಲಿ ಕಾಣುವುದಕ್ಕಿಂತ ಮಿಗಿಲಾದ ಪ್ರೋತ್ಸಾಹ ಮತ್ತಾವುದು? 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯವು ಜನ್ಮತಾಳಿದಾಗ ಕಾಲೇಜು ಅದರ ಆಶ್ರಯಕ್ಕೆ ಸೇರಿತು. ಸಂದರ್ಶಕರು 'ಪ್ರಬುದ್ಧ ಕರ್ಣಾಟಕ'ದ ಹಳೆಯ ಸಂಪುಟಗಳನ್ನು ಗ್ರಂಥಾಲಯಗಳಲ್ಲಿ ಅರಸಿ ಓದಬೇಕೆಂದು ವಿನಂತಿ.