ಮುದ್ದಣನ ಅರಮನೆ

ಕೆಲವು ದಿನಗಳ ಹಿಂದೆ ಅಮೆರಿಕದ ಕವಿ ಎಡ್ವರ್ಡ್ ಕೂಟ್ ಪಿಂಕ್ನಿಯ ಜೀವನವನ್ನು ಓದುತ್ತಿದ್ದೆ. ಬಾಲ್ಟಿಮೋರ್ ನಗರದಲ್ಲಿ ವಕೀಲಿ ಹಿಡಿದು, 1825ರಲ್ಲಿ ತನ್ನ ಹೆಸರಿನಲ್ಲಿ ಕವನಸಂಕಲನವೊಂದನ್ನು ಪ್ರಕಟಿಸಿ, 1828ರಲ್ಲಿ ಇಪ್ಪತ್ತೈದನೆಯ ವಯಸ್ಸಿಗೇ ತೀರಿಕೊಂಡವನು. ವಕೀಲಿ ಅವನ ಕೈ ಹಿಡಿಯಲಿಲ್ಲ. ಓದಿ ಮುಗಿಸಿದಾಗ ನಮ್ಮ ಮುದ್ದಣ ನೆನಪಾದರು. ಜೊತೆಗೆ ನನ್ನದೇ ಹಳೆಯ ತಪ್ಪೊಂದು.

ಮಳವಳ್ಳಿಯ ಪ್ರೌಢಶಾಲೆಯೊಂದರಲ್ಲಿ ನಾನು ಕನ್ನಡ ಬೋಧಿಸುತ್ತಿದ್ದ ಕಾಲ. ಅಂದು ಮುದ್ದಣ-ಮನೋರಮೆಯರ ಸಲ್ಲಾಪದ ಪಾಠ. ಮಳೆಗಾಲದಲ್ಲಿ ಅರಮನೆಯಿಂದ ಮನೆಗೆ ಬಂದ ಮುದ್ದಣನನ್ನು ಮಡದಿ ಉಪಚರಿಸಿ, ಒಳ್ಳೆಯ ಕಥೆಯೊಂದನ್ನು ಹೇಳೆಂದು ಕೇಳುವ ಆ ಪ್ರಸಂಗ ಯಾರಿಗೆ ತಿಳಿಯದು? ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಮುದ್ದಣ ಯಾವ ರಾಜನ ತಾವ ಕೆಲಸಕ್ಕಿದ್ದ, ಸಾ?" ಎಂದ. ಪಾಠ ಮುಗಿಸುವ ಆತುರದಲ್ಲಿ, "ಯಾವುದೋ ಹಳೆಯ ಕಾಲದ ಅರಸ, ಕುಳಿತುಕೊ" ಎಂದುಬಿಟ್ಟೆ.

ಮುದ್ದಣನಿಗೆ ಅರಸನೂ ಇರಲಿಲ್ಲ, ಅರಮನೆಯೂ ಇರಲಿಲ್ಲ. ಕಾರ್ಕಳದ ಬಳಿಯ ನಂದಳಿಕೆಯಲ್ಲಿ 1870ರಲ್ಲಿ, ಬಡ ಕುಟುಂಬದಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನವರೇ ಮುದ್ದಣ. ವೃತ್ತಿಯಿಂದ ಅವರು ಉಡುಪಿ, ಕುಂದಾಪುರಗಳ ಶಾಲೆಗಳಲ್ಲಿ ವ್ಯಾಯಾಮ ಶಿಕ್ಷಕರು. ಹಗಲು ಮಕ್ಕಳಿಗೆ ಕವಾಯತು ಕಲಿಸಿ, ಬಿಡುವಿನಲ್ಲಿ 'ಅದ್ಭುತ ರಾಮಾಯಣ', 'ಶ್ರೀರಾಮಪಟ್ಟಾಭಿಷೇಕ', 'ಶ್ರೀರಾಮಾಶ್ವಮೇಧ'ಗಳನ್ನು ಬರೆದರು. ಪ್ರಾಚೀನ ಕೃತಿಗಳೆಂಬ ಸೋಗಿನಲ್ಲಿ ಅವನ್ನು ಮೈಸೂರಿನ ವಿದ್ವಾಂಸರಿಗೆ ಕಳುಹಿಸಿದರು. ಹಳಗನ್ನಡದ ಮೇಲೆ ಅವರಿಗಿದ್ದ ಹಿಡಿತ ಎಂಥದೆಂದರೆ ವಿದ್ವಾಂಸರೂ ನಂಬಿದರು. ದೂರದೂರಿನ ಡ್ರಿಲ್ ಮಾಸ್ತರನೊಬ್ಬ ಕಾವ್ಯ ಬರೆದಾನೆಂದರೆ ಯಾರು ಓದಿಯಾರು ಎಂಬ ಅಳುಕು ಆ ಮುಚ್ಚುಮರೆಯ ಹಿಂದೆ ಇದ್ದಿರಬೇಕೆಂದು ನನಗೆ ತೋರುತ್ತದೆ. 1901ರಲ್ಲಿ ಕ್ಷಯರೋಗ ಅವರನ್ನು ಒಯ್ದಿತು. ಆಗ ವಯಸ್ಸು ಮೂವತ್ತೊಂದು. ಆ ಕೃತಿಗಳ ನಿಜವಾದ ಕರ್ತೃ ಅವರೆಂಬುದನ್ನು ಕನ್ನಡನಾಡು ಅರಿತದ್ದು ಅನಂತರವೇ. ಪಿಂಕ್ನಿಯಂತೆ ತನ್ನ ಹೆಸರಿಗೆ ಸಂದ ಮನ್ನಣೆಯನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ.

ಇದು ನನಗೆ ಅಂದೇ ತಿಳಿದಿತ್ತು, ಆದರೂ ಹೇಳಲಿಲ್ಲ. ಹೇಳಿದ್ದರೆ, ಹೊರಗೆ ಬಿಸಿಲಿನಲ್ಲಿ ಸೀಟಿ ಊದುತ್ತಿದ್ದ ನಮ್ಮ ಶಾಲೆಯ ಡ್ರಿಲ್ ಮಾಸ್ತರರನ್ನು ಆ ಹುಡುಗರು ಬೇರೆ ಕಣ್ಣಿನಿಂದ ನೋಡುತ್ತಿದ್ದರೇನೋ. ಅಷ್ಟೇಕೆ, ಅಧ್ಯಾಪಕರ ಕೊಠಡಿಯಲ್ಲಿ ಹನ್ನೊಂದು ವರ್ಷ ಅವರ ಪಕ್ಕದಲ್ಲೇ ಕುಳಿತ ನಾನು, ಅವರು ಏನು ಓದುತ್ತಾರೆಂದು ಒಂದು ದಿನವೂ ಕೇಳಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ.