ಪ್ರಯೋಗಕ್ಕೆ ಸಂದ ಗಂಧದ ಲೆಕ್ಕ



ಕಳೆದ ಚಳಿಗಾಲದಲ್ಲಿ ಅಲ್ ಅಜೈಬಾದ ಕಡಲತೀರದಲ್ಲಿ ನಮ್ಮ ಕೆಲವು ಕುಟುಂಬಗಳು ಸೇರಿದ್ದಾಗ, ಸುಗಂಧದ್ರವ್ಯ ತಯಾರಿಸುವ ಸಣ್ಣ ಘಟಕವೊಂದರಲ್ಲಿ ಉಗ್ರಾಣ ನೋಡಿಕೊಳ್ಳುವ ಸದಸ್ಯರೊಬ್ಬರು ತಮ್ಮ ಸಂಕಟ ತೋಡಿಕೊಂಡರು. ವರ್ಷಾಂತ್ಯದ ಎಣಿಕೆಯಲ್ಲಿ ಮೂರು ಲೀಟರ್ ಶ್ರೀಗಂಧದ ಎಣ್ಣೆ ಕಡಿಮೆ ಬಂದಿತ್ತು. ಹೊಸ ಪರಿಮಳವೊಂದರ ಹದ ಹುಡುಕುವಾಗ ಅದು ಸ್ವಲ್ಪಸ್ವಲ್ಪವಾಗಿ ಖರ್ಚಾಗಿತ್ತೆಂದು ಅವರು ಬಲ್ಲರು. ಕಂಪ್ಯೂಟರಿನ ಲೆಕ್ಕದಲ್ಲಿ ಮಾತ್ರ ಪ್ರಯೋಗಕ್ಕೆ ಸ್ಥಳವೇ ಇರಲಿಲ್ಲ. ಅನುಮಾನ ಉಗ್ರಾಣದವರ ಮೇಲೆ ಬಿತ್ತು.

ಲೆಕ್ಕಶಾಸ್ತ್ರ ನಮ್ಮಂಥ ವೈದ್ಯರಿಗೆ ದೂರದ ವಿದ್ಯೆ. ಆದರೂ ಶ್ರೀಗಂಧವೆಂದೊಡನೆ ಮೈಸೂರು ನೆನಪಾಯಿತು. 1914ರಲ್ಲಿ ಮಹಾಯುದ್ಧ ಆರಂಭವಾಗಿ ಜರ್ಮನಿಗೆ ಹೋಗುತ್ತಿದ್ದ ಗಂಧದ ಮರ ಇಲ್ಲಿಯೇ ಉಳಿಯಿತು. ದಿವಾನ್ ವಿಶ್ವೇಶ್ವರಯ್ಯನವರ ಆಡಳಿತದಲ್ಲಿ ಕೈಗಾರಿಕಾ ಇಲಾಖೆಯ ಆಲ್ಫ್ರೆಡ್ ಚಾಟರ್ಟನ್ ಅವರು ಎಣ್ಣೆಯನ್ನು ಇಲ್ಲಿಯೇ ತೆಗೆಯುವ ಪ್ರಯತ್ನಕ್ಕೆ ಮುಂದಾದರು. ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೊ ಮತ್ತು ವಾಟ್ಸನ್ ಬಟ್ಟಿ ಇಳಿಸುವ ವಿಧಾನವನ್ನು ರೂಪಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಎಣ್ಣೆ ಕಾರ್ಖಾನೆಗಳು ತಲೆಯೆತ್ತಿದವು. ನಮ್ಮ ಮನೆಗಳ ಮೈಸೂರು ಸ್ಯಾಂಡಲ್ ಸಾಬೂನು ಈ ಎಣ್ಣೆಯ ಸಂತಾನ.

ನೂರು ಕಿಲೋ ಒಳ್ಳೆಯ ಚೇಗಿನಿಂದ ದೊರೆಯುವ ಎಣ್ಣೆ ಸುಮಾರು ಐದು ಕಿಲೋ ಅಷ್ಟೆ. ಹದ ತಪ್ಪಿ ಮೂರೇ ಕಿಲೋ ಬಂದರೆ ಉಳಿದ ಎರಡು ಕಿಲೋ ಎಣ್ಣೆಯ ಬೆಲೆ ಯಾರ ಖಾತೆಗೆ? ಮರವೂ ಸರ್ಕಾರದ್ದು, ಕಾರ್ಖಾನೆಯೂ ಸರ್ಕಾರದ್ದು. ಆದ್ದರಿಂದ ಮರ ಪುಕ್ಕಟೆ ಎಂದು ಭ್ರಮಿಸುವುದು ಸುಲಭ. ಆದರೆ ಅದೇ ಮರ ಹರಾಜಿನಲ್ಲಿ ಹಣ ತರಬಲ್ಲದು.

ಎಪ್ಪತ್ತು ವರ್ಷಗಳ ಬಳಿಕ ಅದೇ ಬೆಂಗಳೂರಿನಿಂದ ಇನ್ನೊಂದು ಸಾಧನ ಬಂದಿತು. ಗಿರಣಿ, ಕಾರ್ಖಾನೆಗಳಿಗೆ ಸರಕು ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರು ತಮಗೊಪ್ಪುವ ತಂತ್ರಾಂಶ ಸಿಗದೆ ಮಗ ಭರತ್ ಅವರಿಂದ ಬರೆಸಿದರು. 1986ರಲ್ಲಿ ಕಂಪನಿ ಆರಂಭವಾಯಿತು. ಅದೇ ಟ್ಯಾಲಿ. ಸಂಕೇತ ಸಂಖ್ಯೆಗಳನ್ನು ಬಾಯಿಪಾಠ ಮಾಡದೆ ಹೆಸರುಗಳಿಂದಲೇ ಲೆಕ್ಕ ಬರೆಯುವ ಅನುಕೂಲ ಅದರ ಜನಪ್ರಿಯತೆಗೆ ಮುಖ್ಯ ಕಾರಣವೆಂದು ನಮ್ಮ ಭಾವನೆ. ಗೋಡೌನ್ ಎಂಬ ನಮ್ಮ ಪೇಟೆಯ ಮಾತೂ ಅದರಲ್ಲಿದೆ.

ಟ್ಯಾಲಿಯ ಉತ್ಪಾದನಾ ಜರ್ನಲ್‌ನಲ್ಲಿ ಸಾಮಗ್ರಿ ಒಳಹೋದರೆ ಸರಕು ಹೊರಬರಬೇಕು. ಪ್ರಯೋಗದಲ್ಲಿ ಎಷ್ಟೋ ಸಲ ಸರಕೇ ಹುಟ್ಟುವುದಿಲ್ಲ. ಆಗ ಸಾಮಗ್ರಿಯನ್ನು ಪ್ರತ್ಯೇಕ ಗೋಡೌನಿಗೆ ವರ್ಗಾಯಿಸಿ, ಸ್ಟಾಕ್ ಜರ್ನಲ್ ಮೂಲಕ ಬಳಕೆಯಾಯಿತೆಂದು ಆಯಾ ದಿನವೇ ಬರೆಯಬಹುದು. ಹಾಗೆ ಮಾಡದಿದ್ದರೆ ಆ ವೆಚ್ಚ ಮಾರಾಟದ ಸರಕಿನ ಬೆಲೆಯಲ್ಲಿ ಅಡಗುತ್ತದೆ, ಇಲ್ಲವೇ ಕಳವಿನಂತೆ ಕಾಣುತ್ತದೆ. ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ 38ರ ಪ್ರಕಾರ ಸಂಶೋಧನೆಯ ಹಂತದ ವೆಚ್ಚವನ್ನು ಆದಾಗಲೇ ಖರ್ಚೆಂದು ತೋರಿಸಬೇಕು; ಅಭಿವೃದ್ಧಿಯ ಹಂತದ್ದು ಕೆಲವು ಷರತ್ತುಗಳಿಗೆ ಒಳಪಟ್ಟು ಆಸ್ತಿಯಾಗುತ್ತದೆ. ದಿನಾಂಕವಿಲ್ಲದೆ ಈ ಹಂತಗಳನ್ನು ಬೇರ್ಪಡಿಸುವುದು ಹೇಗೆ? ಗುಣ ಕೊಡದ ಔಷಧಿಯನ್ನೂ ನಾವು ರೋಗಿಯ ಕಡತದಲ್ಲಿ ಬರೆದಿಡುತ್ತೇವಲ್ಲವೇ.

ಆ ಸದಸ್ಯರ ಘಟಕದಲ್ಲಿ ಈಗ ‘ಪ್ರಯೋಗ’ ಎಂಬ ಗೋಡೌನ್ ತೆರೆಯಲಾಗಿದೆ. ಪರಿಮಳ ಬೆರೆಸುವವರ ಹಳೆಯ ಟಿಪ್ಪಣಿ ಪುಸ್ತಕದಿಂದ ಎರಡು ಲೀಟರಿಗೆ ಲೆಕ್ಕ ಸಿಕ್ಕಿತು. ಉಳಿದ ಒಂದು ಲೀಟರಿಗಾಗಿ ಅವರು ಇನ್ನೂ ಪುಟ ತಿರುವುತ್ತಿದ್ದಾರೆ.