ಕೀಲಿಯ ಸದ್ದು ಮತ್ತು ಕನ್ನಡದ ಅಕ್ಷರ

ಶಾಲೆಯೊಂದು ನೂರು ವರ್ಷಗಳನ್ನು ಪೂರೈಸಿದಾಗ ಅದರ ಕಟ್ಟಡಗಳ ಲೆಕ್ಕ, ಮುಖ್ಯೋಪಾಧ್ಯಾಯರ ಪಟ್ಟಿ, ಹಾಜರಿ ಪುಸ್ತಕದ ಅಂಕಿಗಳು ದಾಖಲೆಗಳಲ್ಲಿ ದೊರೆಯುತ್ತವೆ. ಅಲ್ಲಿ ಕೇಳಿಬರುತ್ತಿದ್ದ ಸದ್ದುಗಳು ಯಾವ ದಾಖಲೆಗೂ ಸೇರುವುದಿಲ್ಲ. ಕಾಸರಗೋಡಿನ ಈ ನೆಲದಲ್ಲಿ ಕನ್ನಡ ಕಲಿತ ನಮ್ಮಲ್ಲಿ ಹಿರಿಯರು ಮರಳಿನ ಮೇಲೆ ಬೆರಳಿಟ್ಟು ಅಕ್ಷರ ತಿದ್ದಿದವರು. ಅವರ ಅನಂತರದವರು ಸ್ಲೇಟು, ಕಡ್ಡಿ ಹಿಡಿದವರು. ಬೆರಳು ‘ಕ’ ಎಂದು ತಿದ್ದುವಾಗ ಬಾಯಿಯೂ ‘ಕ’ ಎನ್ನಬೇಕೆಂಬುದು ಅಂದಿನ ಗುರುಗಳ ಕಟ್ಟಪ್ಪಣೆ. ಕಣ್ಣು, ಕೈ, ಕಿವಿ ಈ ಮೂರೂ ಒಂದಾಗಿ ದುಡಿದುದರಿಂದಲೇ ಅಕ್ಷರವು ನಮ್ಮೊಳಗೆ ಇಳಿಯಿತು, ಇಳಿದುದು ಉಳಿಯಿತು.

ಇಂದಿನ ಮಕ್ಕಳು ಮರಳು, ಸ್ಲೇಟುಗಳ ಬದಲಿಗೆ ಕೀಲಿಮಣೆಯ ಮುಂದೆ ಕುಳಿತಿದ್ದಾರೆ. ಗಣಕಯಂತ್ರದಲ್ಲಿ ಕೀಲಿಯೊತ್ತಿದಾಗಲೆಲ್ಲ ‘ಟಕ್’ ಎಂಬ ಸದ್ದು ಕೇಳುವಂತೆ ಮಾಡಿಕೊಳ್ಳಬಹುದು. ಇದನ್ನು ಕಂಡ ಹಿರಿಯರಲ್ಲಿ ಹಲವರಿಗೆ, ಇದೊಂದು ಆಟಿಕೆಯ ಸದ್ದು, ಕಲಿಕೆಗೆ ಅಡ್ಡಿ ಎಂದೇ ತೋರುತ್ತದೆ. ನಮಗೂ ಮೊದಲು ಹಾಗೆಯೇ ತೋರಿತ್ತು. ಆದರೆ ಈ ಪುಟ್ಟ ಸದ್ದಿಗೆ ನಮ್ಮ ಶಾಲೆಗಿಂತಲೂ ದೀರ್ಘವಾದ ಚರಿತ್ರೆಯಿದೆ. ಕನ್ನಡ ಬರೆಯುವ ಕೈಗೆ ಅದು ಏಕೆ ಬೇಕು ಎಂಬುದೂ ಆ ಚರಿತ್ರೆಯಿಂದಲೇ ತಿಳಿಯುತ್ತದೆ.

ಚರಿತ್ರೆಯ ಆರಂಭ ತಂತಿ ಕಚೇರಿಯಲ್ಲಿ. 1844ರಲ್ಲಿ ಸ್ಯಾಮ್ಯುಯೆಲ್ ಮೋರ್ಸ್ ಅಮೆರಿಕದ ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ತಂತಿ ಸಂದೇಶ ಕಳುಹಿಸಿದಾಗ, ಬಂದ ಸಂಜ್ಞೆಗಳನ್ನು ಯಂತ್ರವು ಕಾಗದದ ಪಟ್ಟಿಯ ಮೇಲೆ ಗುರುತಿಸುತ್ತಿತ್ತು. ನೌಕರನು ಆ ಗುರುತುಗಳನ್ನು ಕಣ್ಣಿನಿಂದ ಓದಬೇಕಾಗಿತ್ತು. ಕೆಲಸದಲ್ಲಿ ಪಳಗಿದ ನೌಕರರು ಕೆಲವೇ ವರ್ಷಗಳಲ್ಲಿ ಒಂದು ಸಂಗತಿಯನ್ನು ಕಂಡುಕೊಂಡರು. ಯಂತ್ರದ ಟಕಟಕ ಸದ್ದನ್ನು ಕೇಳಿಯೇ ಸಂದೇಶವನ್ನು ಬರೆದುಕೊಳ್ಳಲು ಅವರಿಗೆ ಸಾಧ್ಯವಾಗಿತ್ತು. ಕಾಗದವನ್ನು ನೋಡುವ ಅಗತ್ಯವೇ ಬೀಳಲಿಲ್ಲ. ಕೊನೆಗೆ ಕಾಗದದ ಪಟ್ಟಿಯನ್ನೇ ಕೈಬಿಟ್ಟು, ಸದ್ದು ಮಾಡುವುದಕ್ಕೆಂದೇ ರೂಪಿಸಿದ ಉಪಕರಣವನ್ನು ತಂತಿ ಕಚೇರಿಗಳು ಬಳಕೆಗೆ ತಂದವು. ಯಂತ್ರದ ವ್ಯರ್ಥ ಗದ್ದಲವೆಂದು ಎಣಿಸಿದ್ದುದೇ ಯಂತ್ರದ ಭಾಷೆಯಾಯಿತು.

ಬೆರಳಚ್ಚು ಯಂತ್ರದ ಕಥೆಯೂ ಇದಕ್ಕೆ ಹತ್ತಿರವಾದುದೇ. ಮಿಲ್ವಾಕಿಯ ಕ್ರಿಸ್ಟೋಫರ್ ಶೋಲ್ಸ್ ಮತ್ತು ಅವರ ಸಂಗಡಿಗರು 1868ರಲ್ಲಿ ಹಕ್ಕುಪತ್ರ ಪಡೆದ ಯಂತ್ರವನ್ನು ಸುಧಾರಿಸಿ ರೆಮಿಂಗ್ಟನ್ ಸಂಸ್ಥೆಯು 1874ರಲ್ಲಿ ಮಾರುಕಟ್ಟೆಗೆ ತಂದಿತು. ಆ ಯಂತ್ರದಲ್ಲಿ ಅಚ್ಚಿನ ಮೊಳೆಗಳು ಕೆಳಗಿನಿಂದ ಮೇಲೆದ್ದು, ಕಾಗದ ಸುತ್ತಿದ ಉರುಳೆಯ ಅಡಿಭಾಗಕ್ಕೆ ಬಡಿಯುತ್ತಿದ್ದವು. ಆದುದರಿಂದ ತಾನು ಒತ್ತಿದ ಅಕ್ಷರ ಮೂಡಿತೋ ಇಲ್ಲವೋ ಎಂಬುದು ಬರೆಯುವವನ ಕಣ್ಣಿಗೆ ಆಗಲೇ ಬೀಳುತ್ತಿರಲಿಲ್ಲ. ಉರುಳೆಯ ಭಾಗವನ್ನು ಎತ್ತಿ ನೋಡಬೇಕಾಗಿತ್ತು. ಮೊಳೆ ಕಾಗದಕ್ಕೆ ತಗುಲಿತೆಂಬುದಕ್ಕೆ ಆ ಕ್ಷಣದಲ್ಲಿ ದೊರೆಯುತ್ತಿದ್ದ ಸಾಕ್ಷಿಗಳು ಎರಡೇ: ಬೆರಳಿಗೆ ತಟ್ಟುವ ಪೆಟ್ಟು, ಕಿವಿಗೆ ಬೀಳುವ ಸದ್ದು. ಬರೆಯುತ್ತಿದ್ದಂತೆಯೇ ಸಾಲು ಕಾಣುವ ಯಂತ್ರಗಳು ಅಂಡರ್‌ವುಡ್ ಹೆಸರಿನಲ್ಲಿ 1890ರ ದಶಕದಲ್ಲಿ ಬಂದು ಜನಪ್ರಿಯವಾದವು. ಅಷ್ಟರೊಳಗೆ ನೋಡದೆ ಬರೆಯುವ ವಿದ್ಯೆ ಬೇರೂರಿತ್ತು. 1888ರಲ್ಲಿ ಸಿನ್ಸಿನಾಟಿಯಲ್ಲಿ ನಡೆದ ಸ್ಪರ್ಧೆಯಲ್ಲಿ ಫ್ರಾಂಕ್ ಮೆಕ್‌ಗರಿನ್ ಎಂಬಾತನು ಕೀಲಿಗಳತ್ತ ಕಣ್ಣು ಹಾಯಿಸದೆ ಬರೆದು ಗೆದ್ದನು. ಆ ಬಳಿಕ ಈ ಪದ್ಧತಿಯ ಕೀರ್ತಿ ಎಲ್ಲೆಡೆ ಹಬ್ಬಿತು.

ನಮ್ಮ ಹಳೆ ವಿದ್ಯಾರ್ಥಿಗಳಲ್ಲಿ ಒಂದು ತಲೆಮಾರಿನವರಿಗೆ ಈ ವಿದ್ಯೆಯ ಪರಿಚಯ ಹೇಳಿಕೊಡಬೇಕಾಗಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದೊಡನೆ ಪೇಟೆಯ ಟೈಪಿಂಗ್ ತರಗತಿಗೆ ಸೇರುವುದು ಆಗಿನ ರೂಢಿ. ಸಾಲಾಗಿ ಇಟ್ಟ ಯಂತ್ರಗಳು, ಬದಿಯ ಅಂಚು ಸಮೀಪಿಸಿದಾಗ ಮೊಳಗುವ ಗಂಟೆ, ಸಾಲು ಮುಗಿದಾಗ ಉರುಳೆಯನ್ನು ಹಿಂದಕ್ಕೆ ಸರಿಸುವ ಕರಕರ ಸದ್ದು ಅವರ ಕಿವಿಯಲ್ಲಿ ಇನ್ನೂ ಇರಬೇಕು. ಅನುಭವಸ್ಥರಾದ ಶಿಕ್ಷಕರು ವಿದ್ಯಾರ್ಥಿಯ ಬೆನ್ನಹಿಂದೆ ನಿಂತು, ಕಾಗದವನ್ನು ನೋಡದೆಯೇ, ಲಯ ತಪ್ಪಿದ ಬೆರಳನ್ನು ಗುರುತಿಸುತ್ತಿದ್ದರು. ಕನ್ನಡದ ಬೆರಳಚ್ಚು ಯಂತ್ರದ ಕೀಲಿಮಣೆಯನ್ನು ರೂಪಿಸಿದ ಕೀರ್ತಿ ಅನಂತ ಸುಬ್ಬರಾವ್ ಅವರದು. ಸ್ವರ, ವ್ಯಂಜನ, ಗುಣಿತ, ಒತ್ತು ಎಂದು ಹರಡಿಕೊಂಡ ನಮ್ಮ ಲಿಪಿಯನ್ನು ಇಂಗ್ಲಿಷಿನ 26 ಅಕ್ಷರಗಳಿಗಾಗಿ ಹುಟ್ಟಿದ ಯಂತ್ರದೊಳಗೆ ಅಡಗಿಸುವುದು ಸುಲಭದ ಕೆಲಸವಾಗಿರಲಿಲ್ಲ. ಅಕ್ಷರದ ಮೈಗೆ ಒಂದು ಕೀಲಿ, ಅದರ ಗುಣಿತಕ್ಕೆ ಇನ್ನೊಂದು, ಒತ್ತಿಗೆ ಮತ್ತೊಂದು ಎಂದು ಅಕ್ಷರವನ್ನು ಬಿಡಿಸಿ ಕಟ್ಟಬೇಕಾಯಿತು. ಅಂದಿನಿಂದ ಕನ್ನಡದಲ್ಲಿ ಸದ್ದುಗಳ ಲೆಕ್ಕವೇ ಬೇರೆ, ಅಕ್ಷರಗಳ ಲೆಕ್ಕವೇ ಬೇರೆ ಆಯಿತು. ಈ ಮಾತಿಗೆ ಮುಂದೆ ಮರಳುತ್ತೇವೆ.

ಗಣಕಯಂತ್ರಗಳ ಕಾಲದಲ್ಲಿ ಕೀಲಿಯ ಸ್ವಭಾವ ಬದಲಾಯಿತು. ಅಲ್ಲಿ ಮೊಳೆಯೂ ಇಲ್ಲ, ಕಾಗದಕ್ಕೆ ಬೀಳುವ ಪೆಟ್ಟೂ ಇಲ್ಲ. ಕೀಲಿಯೆಂಬುದು ವಿದ್ಯುತ್ತಿನ ಒಂದು ಸ್ವಿಚ್ಚು ಮಾತ್ರ. ಅದು ಸದ್ದಿಲ್ಲದೆ ಕೆಲಸ ಮಾಡಬಲ್ಲದು. ಬೆರಳಚ್ಚು ಯಂತ್ರದಲ್ಲಿ ಪಳಗಿದ ಕೈಗಳಿಗೆ ಆ ಮೌನವೇ ತೊಡಕಾಯಿತು. ಅಕ್ಷರ ಸೇರಿತೋ ಇಲ್ಲವೋ ಎಂಬ ಅನುಮಾನದಿಂದ ಕಣ್ಣು ಪದೇ ಪದೇ ಪರದೆಯತ್ತ ಹೊರಳಬೇಕಾಯಿತು. ಆದ್ದರಿಂದ ತಂತ್ರಜ್ಞರು, ಯಂತ್ರಕ್ಕೆ ಬೇಕಿಲ್ಲದ ಸದ್ದನ್ನು ಮನುಷ್ಯನಿಗೆ ಬೇಕೆಂಬ ಕಾರಣದಿಂದ ಮರಳಿ ತಂದರು. ಐಬಿಎಂ ಸಂಸ್ಥೆಯ 3270 ಸರಣಿಯ ಕೆಲವು ಕೀಲಿಮಣೆಗಳ ಒಳಗೆ, ಕೀಲಿಯೊತ್ತಿದಾಗಲೆಲ್ಲ ‘ಟಕ್’ ಎಂದು ಬಡಿಯುವ, ವಿದ್ಯುತ್ಕಾಂತದಿಂದ ಚಲಿಸುವ ಒಂದು ಪುಟ್ಟ ಭಾಗವನ್ನು ಇರಿಸಲಾಗಿತ್ತು. ಅದರ ಕೆಲಸ ಸದ್ದು ಮಾಡುವುದಷ್ಟೇ. 1978ರಲ್ಲಿ ಡಿಜಿಟಲ್ ಈಕ್ವಿಪ್‌ಮೆಂಟ್ ಕಾರ್ಪೊರೇಷನ್ ಹೊರತಂದ ವಿಟಿ100 ಎಂಬ ಪ್ರಸಿದ್ಧ ಸಾಧನದ ಕೀಲಿಮಣೆಯೊಳಗೆ ಪುಟ್ಟ ಸ್ಪೀಕರ್ ಇತ್ತು. ಕೀಲಿಯ ಸದ್ದು ಬೇಕೆ, ಬೇಡವೆ ಎಂಬುದನ್ನು ಬಳಸುವವರೇ ನಿರ್ಧರಿಸಬಹುದಾಗಿತ್ತು.

1981ರ ಐಬಿಎಂ ಪಿಸಿಯ ಕೀಲಿಮಣೆಯಲ್ಲಿ ಇನ್ನೂ ಸೊಗಸಾದ ಉಪಾಯವಿದೆ. ಪ್ರತಿಯೊಂದು ಕೀಲಿಯ ಅಡಿಯಲ್ಲಿ ಒಂದು ಸುರುಳಿ ಸ್ಪ್ರಿಂಗು. ಕೀಲಿಯನ್ನು ಒತ್ತುತ್ತ ಹೋದಂತೆ ಅದು ಕುಗ್ಗುತ್ತದೆ. ಒಂದು ಹಂತದಲ್ಲಿ ತಟಕ್ಕನೆ ಬಾಗಿ ಪಕ್ಕದ ಗೋಡೆಗೆ ಬಡಿಯುತ್ತದೆ. ಸ್ಪ್ರಿಂಗು ಬಾಗಿದ ಆ ಕ್ಷಣದಲ್ಲಿಯೇ ಅಡಿಯ ತುಂಡು ವಾಲಿ ಅಕ್ಷರವು ದಾಖಲಾಗುತ್ತದೆ. ಹೀಗೆ ಸದ್ದು ಮತ್ತು ದಾಖಲೆ ಎರಡೂ ಒಂದೇ ಗಳಿಗೆಯಲ್ಲಿ ಘಟಿಸುವುದರಿಂದ, ಸದ್ದು ಕೇಳಿದೊಡನೆ ಬೆರಳು ನಿಶ್ಚಿಂತೆಯಿಂದ ಮುಂದಿನ ಕೀಲಿಗೆ ಸಾಗಬಹುದು. 1985ರಲ್ಲಿ ಬಂದ ‘ಮಾಡೆಲ್ ಎಂ’ ಎಂಬ ಕೀಲಿಮಣೆಯೂ ಇದೇ ಉಪಾಯವನ್ನು ಉಳಿಸಿಕೊಂಡಿತು.

ಮುಂದೆ ಅಗ್ಗದ, ಮೆತ್ತನೆಯ ರಬ್ಬರ್ ಕೀಲಿಮಣೆಗಳು ಬಂದಾಗ ಸದ್ದು ಮತ್ತೆ ಅಡಗಿತು. ಈ ಬಾರಿ ಅದನ್ನು ಮರಳಿ ತರುವ ಹೊಣೆ ತಂತ್ರಾಂಶದ ಮೇಲೆ ಬಿತ್ತು. ಅಮೆರಿಕದ ಎಂಐಟಿಯಲ್ಲಿ 1984ರಲ್ಲಿ ಆರಂಭವಾಗಿ, ಅನಂತರ ಲಿನಕ್ಸ್ ಗಣಕಗಳಿಗೂ ಬಂದ ‘ಎಕ್ಸ್ ವಿಂಡೋ’ ವ್ಯವಸ್ಥೆಯಲ್ಲಿ ಕೀಲಿಯ ಸದ್ದಿನ ಪ್ರಮಾಣವನ್ನು 0ಯಿಂದ 100ರವರೆಗೆ ನಿಗದಿಪಡಿಸುವ ಆಜ್ಞೆಯೊಂದಿದೆ. ಆದರೆ ಸದ್ದು ಮಾಡುವ ಯಂತ್ರಭಾಗವೇ ಇಲ್ಲದ ಗಣಕದಲ್ಲಿ ಆ ಆಜ್ಞೆಯಿಂದ ಪ್ರಯೋಜನವಿಲ್ಲ. ಈ ಕೊರತೆಯನ್ನು ‘ಬಕಲ್‌ಸ್ಪ್ರಿಂಗ್’ ಎಂಬ ಮುಕ್ತ ತಂತ್ರಾಂಶವು ನೀಗಿಸುತ್ತದೆ. ಅದು ಹಳೆಯ ‘ಮಾಡೆಲ್ ಎಂ’ ಕೀಲಿಗಳ ಸದ್ದನ್ನು ಧ್ವನಿಮುದ್ರಿಸಿಟ್ಟುಕೊಂಡು, ಕೀಲಿ ಒತ್ತಿದಾಗ ಸ್ಪೀಕರಿನಲ್ಲಿ ನುಡಿಸುತ್ತದೆ. ಎಡಬದಿಯ ಕೀಲಿಯ ಸದ್ದು ಎಡಗಿವಿಗೆ, ಬಲಬದಿಯದು ಬಲಗಿವಿಗೆ ಹೆಚ್ಚಾಗಿ ಕೇಳುವಂತೆಯೂ ಏರ್ಪಾಡಿದೆ. ಮೊಬೈಲ್ ಫೋನಿನ ಗಾಜಿನ ಮೇಲಿರುವ ಕೀಲಿಮಣೆಯಲ್ಲಿಯೂ ಸದ್ದನ್ನೋ ಕಂಪನವನ್ನೋ ಆರಿಸಿಕೊಳ್ಳುವ ಸೌಲಭ್ಯವಿರುವುದು ಇದೇ ಕಾರಣದಿಂದ.

ಇನ್ನು ಕನ್ನಡದ ವಿಷಯಕ್ಕೆ ಬರೋಣ. ಗಣಕಯಂತ್ರದಲ್ಲಿ ಕನ್ನಡ ಬರೆಯಲು ಹಲವು ವಿನ್ಯಾಸಗಳಿವೆ. ಕರ್ನಾಟಕದಲ್ಲಿ ‘ನುಡಿ’ ತಂತ್ರಾಂಶದ ಮೂಲಕ ಮನೆಮಾತಾದದ್ದು ಕೆ. ಪಿ. ರಾವ್ ಅವರ ವಿನ್ಯಾಸ. ಭಾರತೀಯ ಲಿಪಿಗಳಿಗೆಲ್ಲ ಸಮಾನವಾಗಿ 1980ರ ದಶಕದಲ್ಲಿ ರೂಪುಗೊಂಡು, 1991ರಲ್ಲಿ ಭಾರತೀಯ ಮಾನಕ ಬ್ಯೂರೋದ ಐಎಸ್ 13194 ಮಾನಕದಲ್ಲಿ ಸ್ಥಾನ ಪಡೆದದ್ದು ‘ಇನ್‌ಸ್ಕ್ರಿಪ್ಟ್’ ವಿನ್ಯಾಸ. ಇದರಲ್ಲಿ ಸ್ವರಚಿಹ್ನೆಗಳೂ ಅರ್ಧಾಕ್ಷರದ ಚಿಹ್ನೆಯೂ ಎಡಗೈಗೆ, ವ್ಯಂಜನಗಳಲ್ಲಿ ಹೆಚ್ಚಿನವು ಬಲಗೈಗೆ ಸೇರಿವೆ.

ಉದಾಹರಣೆಗೆ ‘ಸ್ತ್ರೀ’ ಎಂಬ ಒಂದೇ ಅಕ್ಷರವನ್ನು ಗಮನಿಸೋಣ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಅದಕ್ಕೆ 6 ಕೀಲಿಗಳು: ಸಕಾರ, ಅರ್ಧಾಕ್ಷರದ ಚಿಹ್ನೆ, ತಕಾರ, ಮತ್ತೆ ಅರ್ಧಾಕ್ಷರದ ಚಿಹ್ನೆ, ರಕಾರ, ಕೊನೆಗೆ ಈಕಾರದ ಗುಣಿತ. ಕೈಗಳ ಲೆಕ್ಕದಲ್ಲಿ ಇದು ಬಲ, ಎಡ, ಬಲ, ಎಡ, ಬಲ, ಎಡ. ಈ 6 ಒತ್ತುಗಳ ಅವಧಿಯಲ್ಲಿ ಪರದೆಯ ಮೇಲಿನ ರೂಪವು ಒಂದೊಂದು ಹೆಜ್ಜೆಗೂ ಬದಲಾಗುತ್ತದೆ. ‘ಸ’ ಎಂದಿದ್ದುದು ‘ಸ್’ ಆಗುತ್ತದೆ, ‘ಸ್ತ’ ಆಗುತ್ತದೆ, ಹೀಗೆಯೇ ಕೊನೆಯ ರೂಪವನ್ನು ತಲುಪುತ್ತದೆ. ಹೊಸದಾಗಿ ಕಲಿಯುವ ಮಗು ಈ ಮಾರ್ಪಾಡುಗಳನ್ನು ನೋಡುತ್ತ ಕುಳಿತರೆ ತಾನು ಎಲ್ಲಿದ್ದೇನೆಂಬುದೇ ಮರೆತುಹೋಗುತ್ತದೆ. ಇಂಗ್ಲಿಷಿನಲ್ಲಿ ಒಂದು ಸದ್ದಿಗೆ ಒಂದು ಅಕ್ಷರ ಮೂಡುವುದರಿಂದ ಕಣ್ಣೊಂದೇ ಸಾಕು ಎನ್ನಬಹುದು. ಒತ್ತಕ್ಷರಗಳ ಕನ್ನಡದಲ್ಲಿ ಸ್ಥಿರವಾಗಿ ನಿಲ್ಲುವುದು ಸದ್ದಿನ ಎಣಿಕೆಯೇ. 6 ಪೆಟ್ಟುಗಳ ಒಂದು ಲಯವಾಗಿ ‘ಸ್ತ್ರೀ’ ಕೈಗೆ ಕೂತ ಮೇಲೆ ಅದು ಮಗ್ಗಿಯಂತೆ ಉಳಿಯುತ್ತದೆ.

ಗಡಿನಾಡಿನ ನಮಗೆ ಇದರಲ್ಲಿ ಮತ್ತೊಂದು ಲಾಭವಿದೆ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಮಲಯಾಳದ ‘ಸ್ತ್ರೀ’ಗೂ ಬೇಕಾದದ್ದು ಇದೇ 6 ಕೀಲಿಗಳು, ಇದೇ ಕ್ರಮ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಮ್ಮ ಮಕ್ಕಳು ಎರಡು ಲಿಪಿಗಳ ನಡುವೆ ಬೆಳೆಯುತ್ತಿದ್ದಾರೆ. ಎರಡನೆಯದು ಹೊರೆ ಎಂಬ ಭಾವನೆ ಅನೇಕ ಮನೆಗಳಲ್ಲಿದೆ. ಕೀಲಿಮಣೆಯ ಮಟ್ಟಿಗಾದರೂ ಆ ಹೊರೆ ಇಲ್ಲ. ಒಮ್ಮೆ ಕಲಿತ ಬೆರಳಿನ ನಡೆ ಎರಡು ಭಾಷೆಗಳಿಗೂ ಒದಗುತ್ತದೆ.

ಹೀಗಿದ್ದರೂ ನಮ್ಮ ಮಕ್ಕಳಲ್ಲಿ ಬಹುಮಂದಿ ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆದು ಕಳುಹಿಸುತ್ತಿದ್ದಾರೆ. ನಮ್ಮ ಮನೆಗಳಲ್ಲಿ ನಾವು ದಿನವೂ ಕಾಣುತ್ತಿರುವ ಸಂಗತಿ ಇದು. ಅವರಿಗೆ ಕನ್ನಡದ ಮೇಲೆ ಪ್ರೀತಿ ಕಡಿಮೆಯೆಂದು ದೂರುವುದು ನ್ಯಾಯವಲ್ಲ. ಕೀಲಿಗಳ ಮೇಲೆ ಅಚ್ಚಾಗಿರುವುದು ಇಂಗ್ಲಿಷ್ ಅಕ್ಷರಗಳೇ. ಕಣ್ಣಿಗೆ ಕಂಡುದನ್ನು ಬೆರಳು ಒತ್ತುತ್ತದೆ. ಕನ್ನಡದ ಗುರುತೇ ಇಲ್ಲದ ಕೀಲಿಮಣೆಯಲ್ಲಿ ಕನ್ನಡ ಬರೆಯಬೇಕಾದರೆ ಕಣ್ಣನ್ನು ನೆಚ್ಚುವಂತಿಲ್ಲ, ಬೆರಳನ್ನೂ ಕಿವಿಯನ್ನೂ ಪಳಗಿಸಬೇಕು. ಮಾತನ್ನೇ ಕೇಳಿ ಬರೆದುಕೊಳ್ಳುವ ತಂತ್ರಾಂಶಗಳು ಬಂದಿರುವಾಗ ಈ ಶ್ರಮವೇಕೆ ಎಂದು ಕೇಳುವವರಿದ್ದಾರೆ. ಅವು ಉಪಯುಕ್ತವೇ ಸರಿ. ಆದರೆ ಅವು ತಪ್ಪಿದಲ್ಲಿ ತಿದ್ದುವ ಕೈ ನಮ್ಮದೇ ಆಗಿರಬೇಕಲ್ಲವೆ?

ದೃಷ್ಟಿ ಇಲ್ಲದ ಅಥವಾ ಮಂದವಾದ ಮಕ್ಕಳಿಗಂತೂ ಸದ್ದೇ ದಾರಿ. 2006ರಲ್ಲಿ ಆಸ್ಟ್ರೇಲಿಯದಲ್ಲಿ ಆರಂಭವಾದ, ಉಚಿತವಾಗಿ ದೊರೆಯುವ ಎನ್‌ವಿಡಿಎ ಎಂಬ ತಂತ್ರಾಂಶವು ಒತ್ತಿದ ಅಕ್ಷರವನ್ನು ನುಡಿದು ಹೇಳಬಲ್ಲದು, ಕನ್ನಡದಲ್ಲಿಯೂ ಓದಬಲ್ಲದು. ವಿಂಡೋಸ್ ಗಣಕದಲ್ಲಿ ಕ್ಯಾಪ್ಸ್ ಲಾಕ್ ಕೀಲಿಯೊತ್ತಿದಾಗ ಎಚ್ಚರಿಸುವ ಸದ್ದನ್ನು ಇಟ್ಟುಕೊಳ್ಳಬಹುದು. ಎಲ್ಲ ಮಕ್ಕಳಿಗೂ ಅನುಕೂಲವಾಗಬಲ್ಲದ್ದು ಈ ಮಕ್ಕಳಿಗೆ ಅನಿವಾರ್ಯ.

ಸದ್ದಿನ ಮಿತಿಯನ್ನೂ ಹೇಳದಿದ್ದರೆ ಲೇಖನ ಅಪೂರ್ಣವಾದೀತು. ಕೀಲಿ ಒತ್ತಲಾಯಿತು ಎಂಬುದನ್ನಷ್ಟೇ ‘ಟಕ್’ ಎಂಬ ಸದ್ದು ತಿಳಿಸುತ್ತದೆ. ಒತ್ತಿದ್ದು ಸರಿಯೆ, ಬರೆದ ವಾಕ್ಯ ಶುದ್ಧವೆ ಎಂಬುದನ್ನು ನೋಡುವ ಕೆಲಸ ಓದುವ ಕಣ್ಣಿನದೇ. ಸದ್ದು ತಡವಾಗಿ ಬಂದರೆ ಲಯವೇ ಕೆಡುತ್ತದೆ. ಅಂಥದಕ್ಕಿಂತ ಮೌನವೇ ಲೇಸು. ತರಗತಿಯ ಗಣಕಗಳೆಲ್ಲ ಒಟ್ಟಿಗೆ ಸದ್ದು ಮಾಡಿದರೆ ಯಾರ ಕೀಲಿಯದು ಯಾವ ಸದ್ದೆಂಬುದೇ ತಿಳಿಯುವುದಿಲ್ಲ. ಅದಕ್ಕೆ ಇಯರ್‌ಫೋನು ಬೇಕು. ಕೈ ಪಳಗಿದ ಬಳಿಕ ಸದ್ದನ್ನು ನಿಲ್ಲಿಸಿದರೂ ನಷ್ಟವಿಲ್ಲ.

ಕೇರಳದ ಶಾಲೆಗಳಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಆರಂಭವಾಗಿ, ಮುಂದೆ ಮುಕ್ತ ತಂತ್ರಾಂಶಗಳ ಲಿನಕ್ಸ್ ವ್ಯವಸ್ಥೆ ನೆಲೆಗೊಂಡಿತು. ಆದುದರಿಂದ ಮೇಲೆ ಹೇಳಿದ ಏರ್ಪಾಡಿಗೆ ಹೆಚ್ಚಿನ ವೆಚ್ಚವೇನೂ ಬೀಳದು. ಶತಮಾನೋತ್ಸವದ ಈ ಸಂದರ್ಭದಲ್ಲಿ ಶಾಲೆಗೆ ಏನಾದರೂ ಕಾಣಿಕೆ ನೀಡಬೇಕೆಂದಿರುವ ಹಳೆ ವಿದ್ಯಾರ್ಥಿಗಳಲ್ಲಿ ನಮ್ಮದೊಂದು ವಿನಂತಿ: ಗಣಕದ ಕೊಠಡಿಗೆ ಒಂದಿಷ್ಟು ಇಯರ್‌ಫೋನುಗಳನ್ನೂ, ಸದ್ದು ಮಾಡುವ ಒಂದೆರಡು ಒಳ್ಳೆಯ ಕೀಲಿಮಣೆಗಳನ್ನೂ ಕೊಡಿಸಿರಿ. ಶಿಕ್ಷಕ ಬಂಧುಗಳು ವಾರಕ್ಕೊಂದು ಅವಧಿಯನ್ನು ಕನ್ನಡದ ಬೆರಳಚ್ಚಿಗೆ ಮೀಸಲಿಡಲಿ. ಪೋಷಕರು ಸಂಜೆ ಮನೆಯಲ್ಲಿ ಮಗುವಿನ ಬಳಿ ಕುಳಿತು, ಅಜ್ಜಿಗೊಂದು ಓಲೆಯನ್ನು ಕನ್ನಡ ಲಿಪಿಯಲ್ಲಿಯೇ ಬರೆಯಿಸಲಿ. ಮರಳಿನ ಮೇಲೆ ತಿದ್ದಿದ ಆ ಅಜ್ಜಿಗೆ ಓದಲು ಬರುವ ಲಿಪಿ ಅದೊಂದೇ.